ಸ್ಟಿಕರ್ ಇಂಕಿನಲ್ಲಿ ಛಾಪಿಸಿದ ಎಲೆ-ತೇವದ ಸೆನ್ಸರ್: ವಿಜಯಪುರದಿಂದ ಕೆಲಸದ ಟಿಪ್ಪಣಿ

ದ್ರಾಕ್ಷಿ ಎಲೆ ರಾತ್ರಿ ಎಷ್ಟು ತಾಸು ಒದ್ದೆ ಇತ್ತು ಅಂತ ಲೆಕ್ಕ ಇಡುವ ಸೆನ್ಸರ್ ಬೇಕಿತ್ತು. ತೆಳ್ಳಗಿರಬೇಕು, ಬಗ್ಗಿಸಿದರೆ ಮುರಿಯಬಾರದು, ಒಂದಕ್ಕೆ ನೂರು ರೂಪಾಯಿ ದಾಟಬಾರದು. ಕಂಪನಿಯವು ಸಿಗುತ್ತವೆ, ಆದರೆ ಬೆಲೆ ಸಾವಿರಗಳಲ್ಲಿ. ಒಂದನ್ನು ತಂದು ತೋಟದ ನಡುವೆ ಕಟ್ಟಿದರೆ ಸಾಲುವುದೂ ಇಲ್ಲ. ಬಾವಿ ಹತ್ತಿರದ ತಗ್ಗಿನ ಸಾಲಿನಲ್ಲಿ ಇಬ್ಬನಿ ಒಂಬತ್ತು ಗಂಟೆಯವರೆಗೂ ಕೂತಿರುತ್ತದೆ, ರಸ್ತೆ ಕಡೆಯ ಸಾಲು ಏಳಕ್ಕೇ ಆರಿರುತ್ತದೆ. ನಾಲ್ಕೈದು ಕಡೆ ಕಟ್ಟಬೇಕು ಅಂದರೆ ಛಾಪಿಸುವುದೇ ದಾರಿ. ಕರೆಂಟ್ ಹರಿಸುವ ಇಂಕಿನಲ್ಲಿ ಗೆರೆಗಳನ್ನು ಪಕ್ಕಪಕ್ಕ ಛಾಪಿಸಿದರೆ, ನಡುವೆ ನೀರು ಕೂತಾಗ ಒಂದರಿಂದ ಇನ್ನೊಂದಕ್ಕೆ ಕರೆಂಟ್ ದಾಟುತ್ತದೆ. ಅದನ್ನು ಅಳೆಯುವುದೇ ಸೆನ್ಸರ್.

ತೋಟ ತಿಕೋಟಾ ಕಡೆ, ನಮ್ಮ ಕಾಕಾ ಅವರದು. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆಗಿ ಹೊಸ ಚಿಗುರು ಬರುವ ಹೊತ್ತಿಗೆ ಹಿಂಗಾರು ಮಳೆ. ಅದು ಮುಗಿಯುವಷ್ಟರಲ್ಲಿ ಇಬ್ಬನಿ ಶುರು. ದಾವಣಿ ರೋಗಕ್ಕೆ (ದ್ರಾಕ್ಷಿಗೆ ಬರುವ ಬೂಷ್ಟು ರೋಗ, ಡೌನಿ ಮಿಲ್ಡ್ಯೂ) ಇದೇ ಬೇಕು. ಅದರ ಬೀಜಕಣಗಳು ಎಲೆ ಮೇಲಿನ ನೀರಿನ ಪೊರೆಯಲ್ಲಿ ಈಜಿಕೊಂಡು ಹೋಗಿ ಎಲೆಯ ಕೆಳಬದಿಯ ಸಣ್ಣ ರಂಧ್ರಗಳಿಂದ ಒಳಗೆ ಸೇರುತ್ತವೆ. 20–25 ಡಿಗ್ರಿ ಬಿಸಿ ಇದ್ದು ಎರಡು-ಮೂರು ತಾಸು ನೀರು ನಿಂತರೆ ಅದಕ್ಕೆ ಸಾಕು. ಆ ತಾಸುಗಳನ್ನು ಎಣಿಸುವುದು ನನ್ನ ಕೆಲಸ.

"ಮಳಿ ಬಂದದ್ದು ನನಗೂ ಕಾಣ್ತದಲ್ಲೋ ತಮ್ಮಾ, ಅದನ್ನ ಹೇಳಾಕ ಯಂತ್ರ ಯಾಕ?" ಅಂತ ಕಾಕಾ ಕೇಳಿದರು. ಮಳೆಗಲ್ಲ ಕಾಕಾ, ನೀವು ಮಲಗಿದ ಮೇಲೆ ಬೀಳುವ ಇಬ್ಬನಿಗೆ ಅಂದೆ. "ಹಂಗಂದ್ರ ಮಾಡು, ಆದ್ರ ಬಳ್ಳಿಗೆ ಏನೂ ಆಗಬಾರ್ದು ನೋಡು" ಅಂದರು.

ಇದನ್ನು ನೋಡಿಕೊಂಡು ಮಾಡುವವರಿಗೆ ಮೊದಲೇ ಒಂದು ಮಾತು. ನನ್ನ ಸಮಯದಲ್ಲಿ ಹೆಚ್ಚಿನದು ಇಂಕಿಗೆ ಹೋಯಿತು. ಹೋಗಬೇಕಾಗಿದ್ದದ್ದು ತಂತಿ ಸೇರುವ ಜಾಗಕ್ಕೆ. ಯಾಕೆ ಅಂತ ಓದುತ್ತಾ ಹೋದರೆ ಗೊತ್ತಾಗುತ್ತದೆ.

ಹಂತ 1: ಕರಿ ಪುಡಿ

ಬೆಳ್ಳಿ ಇಂಕಿನ ಯೋಚನೆ ಬಿಟ್ಟೆ. ದುಬಾರಿ ಅನ್ನುವುದು ಒಂದು ಕಾರಣ. ಇನ್ನೊಂದು ಅದಕ್ಕಿಂತ ದೊಡ್ಡದು: ಎರಡು ಬೆಳ್ಳಿ ಗೆರೆಗಳ ನಡುವೆ ನೀರೂ ಕರೆಂಟೂ ಒಟ್ಟಿಗೆ ಇದ್ದರೆ ಬೆಳ್ಳಿ ಕರಗಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಬೇರಿನಂತೆ ಬೆಳೆಯುತ್ತದೆ, ಕೊನೆಗೆ ಶಾರ್ಟ್ ಆಗುತ್ತದೆ. ನೀರಿಗಾಗಿಯೇ ಮಾಡುವ ಸೆನ್ಸರ್‌ಗೆ ಅದು ಆಗುವ ಮಾತಲ್ಲ. ಕಾರ್ಬನ್‌ಗೆ ಈ ಕಾಟ ಇಲ್ಲ.

ಕಾರ್ಬನ್ ಅಂತ ಹೇಳಿ ಹಾರ್ಡ್‌ವೇರ್ ಅಂಗಡಿಯಲ್ಲಿ ಮೊದಲು ತಂದದ್ದು ನೆಲಕ್ಕೆ ಸಿಮೆಂಟ್ ಜೊತೆ ಕಲಸುವ ಕರಿ ಬಣ್ಣದ ಪುಡಿ. ಅಂಟಿನಲ್ಲಿ ಕಲಸಿ ಬಳಿದು ಒಣಗಿಸಿದರೆ ಮೀಟರ್ ಏನನ್ನೂ ತೋರಿಸಲಿಲ್ಲ. ಪೊಟ್ಟಣದ ಹತ್ತಿರ ಅಯಸ್ಕಾಂತ ಹಿಡಿದರೆ ಪುಡಿ ಹಾರಿ ಬಂದು ಅಂಟಿತು. ಅದು ಕಬ್ಬಿಣದ ಆಕ್ಸೈಡ್, ಕಾರ್ಬನ್ ಅಲ್ಲವೇ ಅಲ್ಲ. ಕರಿ ಪುಡಿ ತರುವಾಗ ಕಿಸೆಯಲ್ಲಿ ಅಯಸ್ಕಾಂತ ಇರಲಿ.

ಹಳೇ ಟಾರ್ಚ್ ಸೆಲ್ ಒಡೆದು ಒಳಗಿನ ಕಡ್ಡಿ ಕುಟ್ಟುವುದು ನಮಗೆಲ್ಲ ಗೊತ್ತಿರುವ ಉಪಾಯ. ಕರೆಂಟ್ ಚೆನ್ನಾಗಿಯೇ ಹರಿಯುತ್ತದೆ. ಆದರೆ ಕೈಯಲ್ಲಿ ಎಷ್ಟು ಕುಟ್ಟಿದರೂ ಕಾಳು ಉಳಿಯುತ್ತದೆ, ಛಾಪಿಸುವ ಸ್ಕ್ರೀನ್ ಬಟ್ಟೆಯ (ಇಂಕ್ ಇಳಿದುಹೋಗುವ ಜಾಲರಿ) ಕಣ್ಣಿನಲ್ಲಿ ಸಿಕ್ಕಿಬೀಳುತ್ತದೆ. ಕಡ್ಡಿಯ ಸುತ್ತಲಿನ ಕರಿ ಮಸಿಯನ್ನಂತೂ ಮುಟ್ಟಬೇಡಿ, ಅದು ಮ್ಯಾಂಗನೀಸ್ ಡೈಆಕ್ಸೈಡ್ ಬೆರೆತದ್ದು.

ಕೊನೆಗೆ ನಿಂತದ್ದು ಎರಡು ಪುಡಿಗಳ ಮೇಲೆ. 325 ಮೆಶ್ ಗ್ರಾಫೈಟ್, ಅಂದರೆ ಸುಮಾರು 44 ಮೈಕ್ರಾನ್ ಜರಡಿ ದಾಟಿದ್ದು, 250 ಗ್ರಾಂಗೆ 220 ರೂಪಾಯಿ. ವಿದ್ಯುತ್ ಹರಿಸುವ ದರ್ಜೆಯ ಕಾರ್ಬನ್ ಬ್ಲಾಕ್ 100 ಗ್ರಾಂ, ಕೊರಿಯರ್ ಸೇರಿ 450. ಗ್ರಾಫೈಟ್ ಚಪ್ಪಟೆ ಹಾಳೆಗಳಂತೆ ಇರುತ್ತದೆ, ಕಾರ್ಬನ್ ಬ್ಲಾಕ್ ಅವುಗಳ ಸಂದು ತುಂಬುತ್ತದೆ. ಒಂದನ್ನೇ ಹಾಕಿದರೆ ಫಲ ಅರ್ಧ. ಕಾರ್ಬನ್ ಬ್ಲಾಕ್ ಡಬ್ಬಿ ತೆರೆಯುವಾಗ ಫ್ಯಾನ್ ಆಫ್ ಮಾಡಿ, ಮಾಸ್ಕ್ ಹಾಕಿಕೊಳ್ಳಿ. ನಮ್ಮ ಮನೆಯ ಒಂದು ಕಿಟಕಿ ಪರದೆ ಇನ್ನೂ ಬಿಳಿಗೆ ಬಂದಿಲ್ಲ.

ಹಂತ 2: ಅಂಟು

ಪುಡಿಗಿಂತ ಅಂಟು ಮುಖ್ಯ. ಎಲ್ಲದಕ್ಕೂ ಒಂದೇ ಪರೀಕ್ಷೆ ಇಟ್ಟುಕೊಂಡೆ. 5 ಮಿಮೀ ಅಗಲ, 50 ಮಿಮೀ ಉದ್ದದ ಪಟ್ಟಿ ಬಳಿಯುವುದು, ಎರಡೂ ತುದಿಗೆ ಮೀಟರ್ ಹಿಡಿಯುವುದು. ಆ ಪಟ್ಟಿಯಲ್ಲಿ ಉದ್ದಕ್ಕೆ ಹತ್ತು ಚೌಕ ಹಿಡಿಸುತ್ತವೆ, ಹಾಗಾಗಿ ಬಂದ ಅಂಕಿಯನ್ನು 10ರಿಂದ ಭಾಗಿಸಿದರೆ ಒಂದು ಚೌಕದ ಓಮ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಸಿಗುತ್ತದೆ. ಕಡಿಮೆ ಇದ್ದಷ್ಟೂ ಒಳ್ಳೆಯದು. ಆಮೇಲೆ ಅದೇ ಪಟ್ಟಿಯನ್ನು ಪೆನ್ನಿಗೆ ಸುತ್ತಿ ಬಿಚ್ಚುವುದು, ರಾತ್ರಿಯಿಡೀ ನೀರಿನಲ್ಲಿ ನೆನೆಸುವುದು.

ಬಡಗಿಗಳ ಬಿಳಿ ಅಂಟು: 1.8 ಕಿಲೋಓಮ್, ಅಂದರೆ ಚೌಕಕ್ಕೆ 180 ಓಮ್. ಎಲ್ಲಕ್ಕಿಂತ ಒಳ್ಳೆ ಅಂಕಿ ಇದೇ. ಬೆಳಿಗ್ಗೆ ನೀರಿನಿಂದ ತೆಗೆದು ಬೆರಳಾಡಿಸಿದರೆ ಇಡೀ ಪಟ್ಟಿ ಕರಿ ಲೋಳೆಯಾಗಿ ಕೈಗೆ ಬಂತು. ಮುಗಿಯಿತು.

ಫರ್ನಿಚರ್ ಪಾಲಿಶ್ ಮಾಡುವವರ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಮಾಡಿದ ಇಂಕ್: 3.1 ಕಿಲೋಓಮ್. ನೀರಿನಲ್ಲಿ ತಡೆದುಕೊಂಡಿತು. ಇದರ ಮೇಲೆ ನನಗೆ ತುಂಬಾ ಆಸೆ ಇತ್ತು, ಯಾಕೆಂದರೆ ಅರಗಿನ ಕಾರ್ಬನ್ ಇಂಕ್ ಬಗ್ಗೆ ಒಳ್ಳೆಯ ಸಂಶೋಧನೆಗಳೇ ಇವೆ, ಮಣ್ಣಿಗೆ ಬಿದ್ದರೂ ಕೊಳೆಯುತ್ತದೆ. ಆದರೆ ನನ್ನ ಪಟ್ಟಿಯನ್ನು ಪೆನ್ನಿಗೆ ಸುತ್ತಿ ಬಿಚ್ಚಿದರೆ 40 ಕಿಲೋಓಮ್ ದಾಟಿತು. ಬೆಳಕಿಗೆ ಹಿಡಿದು ನೋಡಿದರೆ ಕೂದಲಿನಷ್ಟು ಸಣ್ಣ ಬಿರುಕುಗಳು ಅಡ್ಡಡ್ಡ ಎದ್ದಿದ್ದವು. ಇನ್ನೊಂದು ತೊಂದರೆ, ಸ್ಪಿರಿಟ್ ಬೇಗ ಆರುತ್ತದೆ. ಎರಡನೇ ಹಾಳೆ ಛಾಪಿಸುವಷ್ಟರಲ್ಲಿ ಸ್ಕ್ರೀನ್ ಬಟ್ಟೆಯ ಕಣ್ಣುಗಳೆಲ್ಲ ಮುಚ್ಚಿಹೋದವು.

ಮೂರನೆಯದು ಸಿಕ್ಕಿದ್ದು ಛಾಪಖಾನೆಯಲ್ಲೇ. ಗಾಂಧಿ ಚೌಕದ ಆಚೆ ಲಗ್ನಪತ್ರಿಕೆ, ಚೀಲ, ಗಾಡಿ ಸ್ಟಿಕರ್ ಎಲ್ಲ ಸ್ಕ್ರೀನ್ ಪ್ರಿಂಟ್ ಮಾಡುವ ಒಬ್ಬರಿದ್ದಾರೆ. ಅವರ ಕಪಾಟಿನಲ್ಲಿ ಪಿವಿಸಿ ಸ್ಟಿಕರ್ ಇಂಕಿನ ಸಾಲು ಇತ್ತು. ಅದರಲ್ಲಿ ಬಣ್ಣ ಇಲ್ಲದ 'ಕ್ಲಿಯರ್' ಕೂಡ ಒಂದು. ಬಿಸಿಲು ಮಳೆಗೆ ಬೈಕಿನ ಮೇಲೆ ವರ್ಷಗಟ್ಟಲೆ ಇರುವ ಇಂಕ್ ಅದು, ವಿನೈಲ್ ಸ್ಟಿಕರ್ ಹಾಳೆಗೆಂದೇ ಮಾಡಿದ್ದು. ಬಣ್ಣದ ಬದಲು ಕಾರ್ಬನ್ ಹಾಕಿದರೆ ಆಯಿತು, ಅಲ್ವಾ? ಹಾಳೆ, ಅಂಟು, ತೆಳು ಮಾಡುವ ದ್ರವ ಎಲ್ಲವೂ ಒಂದಕ್ಕೊಂದು ಹೊಂದುವಂಥವು, ಎಲ್ಲವೂ ಒಂದೇ ಅಂಗಡಿಯಲ್ಲಿ.

ಅಳತೆ ಹೀಗೆ ನಿಂತಿತು, ಎಲ್ಲ ತೂಕದಲ್ಲಿ: ಕ್ಲಿಯರ್ ಇಂಕ್ 100 ಗ್ರಾಂ, ಗ್ರಾಫೈಟ್ 40 ಗ್ರಾಂ, ಕಾರ್ಬನ್ ಬ್ಲಾಕ್ 10 ಗ್ರಾಂ, ರಿಟಾರ್ಡರ್ (ಇಂಕನ್ನು ತೆಳು ಮಾಡಿ, ಬೇಗ ಆರದಂತೆ ತಡೆಯುವ ದ್ರವ) 25ರಿಂದ 30 ಗ್ರಾಂ. ಚಮಚದಲ್ಲಿ ಕಲಸಿದರೆ ಕಾರ್ಬನ್ ಬ್ಲಾಕ್ ಗಂಟು ಬಿಡುವುದಿಲ್ಲ. ಸೈಕಲ್ ಅಂಗಡಿಯಿಂದ ಬೇರಿಂಗ್ ಗುಂಡುಗಳನ್ನು ತಂದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಇಂಕ್ ಜೊತೆ ಹಾಕಿ, ನೆಲದ ಮೇಲೆ ಕಾಲಿನಿಂದ ಅರ್ಧ ತಾಸು ಉರುಳಿಸಿದೆ. ಇಡ್ಲಿ ಹಿಟ್ಟಿನ ಹದಕ್ಕೆ ಬಂದಾಗ ನಿಲ್ಲಿಸಿ. ಪ್ಲಾಸ್ಟಿಕ್ ಡಬ್ಬಿ ಬೇಡ, ಈ ದ್ರವ ಕೆಲವು ಪ್ಲಾಸ್ಟಿಕ್‌ಗಳನ್ನು ಕರಗಿಸುತ್ತದೆ. ವಾಸನೆ ಖಾರ, ತಲೆ ಹಿಡಿಯುತ್ತದೆ. ಮಾಳಿಗೆ ಮೇಲೆ ಮಾಡಿ.

ಇಂಕ್ ಒಂದು ಸಲ ಎಳೆದರೆ ಪಟ್ಟಿ 4.2 ಕಿಲೋಓಮ್, ಎರಡು ಸಲ ಎಳೆದರೆ 2.8. ಪೆನ್ನಿಗೆ ಸುತ್ತಿದಾಗ 3.3ಕ್ಕೆ ಏರಿ, ಬಿಚ್ಚಿದಾಗ 2.9ಕ್ಕೆ ಇಳಿಯಿತು. ನೀರಿನಲ್ಲಿ ನೆನೆಸಿ ಒರೆಸಿದರೆ ಏನೂ ಬದಲಾಗಲಿಲ್ಲ.

ಚೌಕಕ್ಕೆ 280 ಓಮ್ ಅಂದರೆ ಕೆಟ್ಟ ಇಂಕ್. ಮಾರುಕಟ್ಟೆಯ ಕಾರ್ಬನ್ ಪೇಸ್ಟ್‌ಗಳು ಹತ್ತಾರು ಓಮ್‌ನಲ್ಲಿ ಇರುತ್ತವೆ. ಅಷ್ಟಕ್ಕೆ ಇಳಿಸಬೇಕು ಅಂತ ಕಾರ್ಬನ್ ಹೆಚ್ಚಿಸಿ ನೋಡಿದೆ (ಉದುರಿತು), ಮೂರು ಪದರ ಹಾಕಿದೆ (ಗೆರೆ ಹರಡಿತು), ಸ್ಟೀಲ್ ಚಮಚದ ಬೆನ್ನಿನಿಂದ ಉಜ್ಜಿದೆ. ಉಜ್ಜಿದಾಗ ಗೆರೆ ಪೆನ್ಸಿಲ್ ಬರಹದ ಹಾಗೆ ಹೊಳೆಯಿತು, 280 ಇದ್ದದ್ದು 210 ಆಯಿತು. ಆದರೆ ಗ್ರಾಫೈಟ್ ಗೆರೆಯ ಅಂಚಿನಿಂದ ಬಿಳಿ ಸಂದಿಗೆ ಸವರಿಕೊಂಡು, ಒಣಗಿದ ಸೆನ್ಸರೇ ಒದ್ದೆ ಅಂತ ಹೇಳತೊಡಗಿತು.

ಆಗ ಲೆಕ್ಕ ಹಾಕಿ ಕೂತೆ. ಸೆನ್ಸರ್‌ನ ಗೆರೆಗಳು ಬಾಚಣಿಗೆ ಆಕಾರದವು (ವಿನ್ಯಾಸ ಹಂತ 3ರಲ್ಲಿದೆ). ಬಾಚಣಿಗೆಯ ಒಂದು ಹಲ್ಲು 40 ಮಿಮೀ ಉದ್ದ, 1 ಮಿಮೀ ಅಗಲ. 40 ಚೌಕ, ಅಂದರೆ 11.2 ಕಿಲೋಓಮ್. ಇಬ್ಬನಿ ಬಿದ್ದಾಗ ಹಲ್ಲುಗಳ ಎರಡು ಗುಂಪಿನ ನಡುವೆ ಅಳೆಯಬೇಕಾದದ್ದು 150ರಿಂದ 400 ಕಿಲೋಓಮ್. ಒಣಗಿದಾಗ 10 ಮೆಗಾಓಮ್‌ಗಿಂತ ಮೇಲೆ. ಅದರ ಮುಂದೆ ಈ 11 ಕಿಲೋಓಮ್ ಯಾವ ಲೆಕ್ಕ? ಇಂಕ್ ಮೊದಲ ದಿನದಿಂದಲೇ ಸಾಕಷ್ಟು ಚೆನ್ನಾಗಿತ್ತು. ಬಗ್ಗುವಿಕೆ ಅಳೆಯುವ ಸೆನ್ಸರ್ ಮಾಡುವವರಿಗೆ ಈ ಓಮ್ ಮುಖ್ಯ. ನೀರು ಇದೆಯೋ ಇಲ್ಲವೋ ಅನ್ನುವುದಕ್ಕೆ ಅಲ್ಲ.

ಹಂತ 3: ಸ್ಕ್ರೀನ್

ವಿನ್ಯಾಸ ಸರಳ. ಎರಡು ಬಾಚಣಿಗೆಗಳನ್ನು ಹಲ್ಲಿನೊಳಗೆ ಹಲ್ಲು ಸೇರಿಸಿ ಇಟ್ಟ ಹಾಗೆ. 1 ಮಿಮೀ ಗೆರೆ, 1 ಮಿಮೀ ಸಂದು, ಒಟ್ಟು 30 ಹಲ್ಲು. ಹಲ್ಲಿನ ಭಾಗ 40 × 60 ಮಿಮೀ, ಕೆಳಗೆ ತಂತಿ ಸೇರಿಸಲು ಎರಡು 12 ಮಿಮೀ ಚೌಕ. ಕೋರೆಲ್‌ಡ್ರಾದಲ್ಲಿ ಎಳೆದು ಎ4 ಹಾಳೆಗೆ ಆರು ಕೂರಿಸಿದೆ. ಡಿಟಿಪಿ ಅಂಗಡಿಯಲ್ಲಿ ಟ್ರೇಸಿಂಗ್ ಪೇಪರ್ ಮೇಲೆ ಲೇಸರ್ ಪ್ರಿಂಟ್, 30 ರೂಪಾಯಿ. ಪ್ರಿಂಟ್ ಕೊಡುವಾಗ 'ಹಾಳೆಗೆ ಹೊಂದಿಸು' ಅನ್ನುವುದನ್ನು ತೆಗೆಸಿ, ಇಲ್ಲದಿದ್ದರೆ ಅಳತೆ ಕುಗ್ಗಿ ಬರುತ್ತದೆ. ಮೊದಲು 0.3 ಮಿಮೀ ಸಂದು ಇಟ್ಟಿದ್ದೆ, ಸೂಕ್ಷ್ಮವಾಗಿ ಅಳೆಯುತ್ತದೆ ಅಂತ. ಇಂಕ್ ಹರಡಿ ಹಲ್ಲುಗಳೆಲ್ಲ ಕೂಡಿಕೊಂಡು ಕರಿ ಚೌಕಗಳೇ ಬಂದವು.

ಸ್ಕ್ರೀನ್ ಬಟ್ಟೆ ಬಗ್ಗೆ ಛಾಪಖಾನೆಯವರು ನೋಡಿದ ಕೂಡಲೇ ಹೇಳಿದರು: "ಕಾರ್ಡಿನ 120 ನಂಬರ್ ಬಟ್ಟಿ ಇದಕ್ಕ ನಡಿಯಂಗಿಲ್ರಿ. ಟೀ-ಶರ್ಟಿನ 43 ಹಾಕೋಣು." ಹಾಗೇ ಆಯಿತು. 120ರ ಬಟ್ಟೆಯಲ್ಲಿ ಸೆಂಟಿಮೀಟರಿಗೆ 120 ಎಳೆ, ಕಣ್ಣು ಸುಮಾರು 45 ಮೈಕ್ರಾನ್ ಅಷ್ಟೇ. ನನ್ನ ಗ್ರಾಫೈಟ್ ಕಾಳೂ ಅಷ್ಟೇ ದಪ್ಪ. 43ರಲ್ಲಿ ಕಣ್ಣು 150 ಮೈಕ್ರಾನ್ ಹತ್ತಿರ. ಫ್ರೇಮ್, ಬಟ್ಟೆ, ಬೆಳಕಿಗೆ ಗಟ್ಟಿಯಾಗುವ ಎಮಲ್ಷನ್ ಬಳಿದು ಎಕ್ಸ್‌ಪೋಸ್ ಮಾಡಿ (ಬೆಳಕಿಗೆ ಒಡ್ಡಿ) ತೊಳೆದು ಕೊಟ್ಟದ್ದು ಎಲ್ಲ ಸೇರಿ 400 ರೂಪಾಯಿ. ಎಮಲ್ಷನ್ ಹಚ್ಚುವುದನ್ನು ಮನೆಯಲ್ಲಿ ಕಲಿಯಬಹುದು, ಆದರೆ ಪ್ರತಿದಿನ ಅದನ್ನೇ ಮಾಡುವವರು ಹತ್ತಿರದಲ್ಲಿ ಇರುವಾಗ ಯಾಕೆ?

ಹಂತ 4: ಛಾಪಿಸುವುದು

ಬಿಳಿ ವಿನೈಲ್ ಸ್ಟಿಕರ್ ಹಾಳೆ, ಎ4ಗೆ 25 ರೂಪಾಯಿ. ಸ್ಪಿರಿಟ್ ಹತ್ತಿಯಿಂದ ಒರೆಸಿ ಗಾಜಿನ ಮೇಲೆ ಟೇಪ್ ಹಚ್ಚಿ ಕೂರಿಸಿದೆ. ಫ್ರೇಮ್ ಮತ್ತು ಹಾಳೆ ನಡುವೆ ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು ಅಂತರ, ಸುಮಾರು 3 ಮಿಮೀ. ಈ ಅಂತರ ಇಲ್ಲದೆ ಬಟ್ಟೆಯನ್ನು ಹಾಳೆಗೆ ಅಂಟಿಸಿ ಎಳೆದರೆ, ಎತ್ತುವಾಗ ಇಂಕ್ ಅರ್ಧ ಬಟ್ಟೆಯಲ್ಲೇ ಉಳಿಯುತ್ತದೆ. ಸ್ಕ್ವೀಜಿಯನ್ನು (ಇಂಕ್ ಎಳೆಯುವ ರಬ್ಬರ್ ಪಟ್ಟಿ) ಸ್ವಲ್ಪ ಮುಂದಕ್ಕೆ ಬಾಗಿಸಿ, ನಿಲ್ಲಿಸದೆ ಒಂದೇ ಉಸಿರಿಗೆ ಎಳೆಯಬೇಕು. ನಡುವೆ ಕೈ ನಿಂತ ಕಡೆ ಅಡ್ಡಗೆರೆ ಬರುತ್ತದೆ.

ಎರಡನೇ ಪದರಕ್ಕೆ ಮುಂಚೆ ನೆರಳಿನಲ್ಲಿ ಅರ್ಧ ತಾಸು ಬಿಟ್ಟೆ. ಬೇಗ ಆರಲಿ ಅಂತ ಒಂದು ಹಾಳೆಯನ್ನು ಮಾಳಿಗೆಯ ತಗಡಿನ ಮೇಲೆ ಬಿಸಿಲಿಗೆ ಇಟ್ಟಿದ್ದೆ. ವಿನೈಲ್ ಸುರುಳಿಯಾಗಿ ಮುದುಡಿತು. ಫ್ಯಾನ್ ಗಾಳಿ ಸಾಕು, ಆದರೆ ಅವಸರ ಮಾಡಬೇಡಿ. ಮುಟ್ಟಿದರೆ ಒಣಗಿದೆ ಅನ್ನಿಸಿದ ಮೇಲೂ ಓಮ್ ಇಳಿಯುತ್ತಲೇ ಇರುತ್ತದೆ. ಒಳಗೆ ಉಳಿದ ದ್ರವ ಹೋಗಿ ಕಾಳುಗಳು ಹತ್ತಿರ ಬರುವುದಕ್ಕೆ ಎರಡು ದಿನ ಬೇಕು.

30 ಛಾಪಿಸಿದ್ದರಲ್ಲಿ 22 ಸರಿ ಬಂದವು. ಉಳಿದವುಗಳಲ್ಲಿ ಎಲ್ಲೋ ಒಂದು ಕಡೆ ಹಲ್ಲು ಮುರಿದಿತ್ತು, ಇಲ್ಲವೇ ಧೂಳಿನ ಎಳೆ ಬಿದ್ದು ಎರಡು ಹಲ್ಲು ಕೂಡಿದ್ದವು. ಕೂಡಿದ್ದನ್ನು ಬ್ಲೇಡಿನಿಂದ ಕೆರೆದು ಬಿಡಿಸಬಹುದು.

ಬರೀ ವಿನೈಲ್ ಗಾಳಿಗೆ ಮಡಚುತ್ತದೆ. ಅದಕ್ಕೆ ಬೆನ್ನಾಗಿ ಹಳೇ ಎಕ್ಸ್‌ರೇ ಫಿಲ್ಮ್ ಬಳಸಿದೆ. ಬಟ್ಟೆ ಬಿಳುಪು ಮಾಡುವ ಬ್ಲೀಚ್ ನೀರಿನಲ್ಲಿ ಹಾಕಿದರೆ ಮೇಲಿನ ಕರಿ ಪದರ ಜಾರಿ ಬಂದು ತೆಳು ನೀಲಿ ಹಾಳೆ ಉಳಿಯುತ್ತದೆ. ಗಟ್ಟಿ ಪಾಲಿಯೆಸ್ಟರ್, ಬಗ್ಗುತ್ತದೆ, ಬಿಸಿಲಿಗೆ ಮುದುಡುವುದಿಲ್ಲ. ಅದರ ಮೇಲೆ ಸ್ಟಿಕರ್ ಅಂಟಿಸಿ ಕತ್ತರಿಸಿದೆ. ಕೈಗವಸು ಹಾಕಿಕೊಳ್ಳಿ.

ಹಂತ 5: ತಂತಿ ಸೇರಿಸುವುದು

ಇಲ್ಲಿಂದ ನಿಜವಾದ ತಲೆನೋವು. ಕಾರ್ಬನ್‌ಗೆ ಬೆಸುಗೆ ಹಿಡಿಯುವುದಿಲ್ಲ, ಹಿಡಿದರೂ ವಿನೈಲ್ ಆ ಬಿಸಿಗೆ ಕರಗುತ್ತದೆ.

ತಾಮ್ರದ ಟೇಪ್. ಚೌಕದ ಮೇಲೆ ಅಂಟಿಸಿ ಟೇಪಿಗೆ ತಂತಿ ಬೆಸೆದೆ. ಮೇಜಿನ ಮೇಲೆ ಚೆನ್ನಾಗಿತ್ತು. ಮಧ್ಯಾಹ್ನ ಹೊರಗಿಟ್ಟರೆ ಓದಿಕೆ ಕುಣಿಯತೊಡಗಿತು. ಕರೆಂಟ್ ಹರಿಸುತ್ತದೆ ಅಂತ ಹೇಳಿ ಕೊಟ್ಟ ಟೇಪಿನ ಅಂಟು ಅಸಲಿಗೆ ಹರಿಸುತ್ತಲೇ ಇರಲಿಲ್ಲ, ಎಲ್ಲೋ ಅಂಚಿನಲ್ಲಿ ತಾಮ್ರ ತಾಗಿದ್ದರಿಂದ ನಡೆಯುತ್ತಿತ್ತು. ಬಿಸಿಗೆ ಅಂಟು ಸಡಿಲಾದ ಕೂಡಲೇ ಅದೂ ಹೋಯಿತು. ತರುವ ಮುಂಚೆ ಎರಡು ತುಂಡು ಒಂದರ ಮೇಲೊಂದು ಅಂಟಿಸಿ ಮೀಟರ್ ಹಿಡಿದು ನೋಡಿ.

ಮೊಸಳೆ ಕ್ಲಿಪ್. ಕಚ್ಚಿದ ಜಾಗದಲ್ಲಿ ಇಂಕ್ ಕೆರೆದು ಹೋಗುತ್ತದೆ. ಪರೀಕ್ಷೆಗೆ ಸರಿ, ತೋಟಕ್ಕೆ ಅಲ್ಲ.

ಟಿಚ್ ಬಟನ್. ಇದು ನಡೆಯಿತು. ಎಲ್‌ಬಿಎಸ್ ಮಾರುಕಟ್ಟೆ ಕಡೆ ದರ್ಜಿ ಸಾಮಾನಿನ ಅಂಗಡಿಯಲ್ಲಿ ಜೋಡಿಗೆ ಎರಡು ರೂಪಾಯಿ. ಇಲ್ಲೂ ಅಯಸ್ಕಾಂತ ಬೇಕು: ಅಂಟಿಕೊಂಡರೆ ಕಬ್ಬಿಣ, ತುಕ್ಕು ಹಿಡಿಯುತ್ತದೆ, ಬೇಡ. ಹಿತ್ತಾಳೆಯದನ್ನೇ ಆರಿಸಿ. ಚೌಕದ ಮೇಲೆ ಇನ್ನೊಂದು ದಪ್ಪ ಪದರ ಇಂಕ್ ಕುಂಚದಿಂದ ಹಚ್ಚಿ, ಅದು ಅರೆ ಒಣಗಿದ್ದಾಗಲೇ ದರ್ಜಿಯವರ ಹತ್ತಿರ ಒಯ್ದು ಮಷಿನ್‌ನಲ್ಲಿ ಒತ್ತಿಸಿದೆ. ಗುಂಡಿಯ ಸುತ್ತಿನ ಹಲ್ಲು ವಿನೈಲ್ ಮತ್ತು ಫಿಲ್ಮ್ ಎರಡನ್ನೂ ಕಚ್ಚಿ ಹಿಡಿಯುತ್ತದೆ, ಅರೆಹಸಿ ಇಂಕ್ ಲೋಹದ ಅಡಿಗೆ ಹರಡಿ ಕೂರುತ್ತದೆ. ಪೂರಾ ಒಣಗಿದ ಮೇಲೆ ಒತ್ತಿಸಿದ ಒಂದರಲ್ಲಿ ಗುಂಡಿಯ ಅಂಚಿಗೆ ಇಂಕ್ ವೃತ್ತಾಕಾರವಾಗಿ ಸೀಳಿ, ಸಂಪರ್ಕವೇ ಇರಲಿಲ್ಲ.

ತಂತಿಯನ್ನು ಗುಂಡಿಯ ಇನ್ನೊಂದು ಅರ್ಧಕ್ಕೆ ಮೊದಲೇ ಬೆಸೆದುಕೊಳ್ಳಬೇಕು. ಆಮೇಲೆ 'ಟಿಚ್' ಅಂತ ಹಾಕುವುದು, ತೆಗೆಯುವುದು. ತಂತಿಯನ್ನು ಫಿಲ್ಮಿನ ಎರಡು ತೂತಿನೊಳಗೆ ಹೊಲಿದ ಹಾಗೆ ಪೋಣಿಸಿದೆ, ಗಾಳಿಯ ಎಳೆತ ಗುಂಡಿಗೆ ಬರಬಾರದು ಅಂತ.

ನೀರು ಹೋಗದಿರಲಿ ಅಂತ ಬೆಸುಗೆ ಮೇಲೆ ಸಿಲಿಕಾನ್ ಹಚ್ಚಿದೆ. ಹಚ್ಚುವಾಗ ವಿನೆಗರ್ ವಾಸನೆ ಬಂತು. ಆ ವಾಸನೆ ಬರುವ ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ, ತಾಮ್ರ ಹಿತ್ತಾಳೆಯನ್ನು ತಿನ್ನುತ್ತದೆ. ಒಂದು ವಾರಕ್ಕೆ ಬಿಚ್ಚಿದರೆ ಬೆಸುಗೆ ಸುತ್ತ ಹಸಿರು ಕಿಲುಬು, ತಂತಿಯ ಎಳೆಗಳು ಪುಡಿಪುಡಿ. ನ್ಯೂಟ್ರಲ್ ಅಂತ ಬರೆದಿರುವ ಸಿಲಿಕಾನ್ ತೆಗೆದುಕೊಳ್ಳಿ, ಸ್ವಲ್ಪ ಜಾಸ್ತಿ ಬೆಲೆ. ಹಾಟ್ ಗ್ಲೂ ನಮ್ಮ ಬಿಸಿಲಿಗೆ ಮೆತ್ತಗಾಗುತ್ತದೆ.

ಹಂತ 6: ಬಿಳಿ ಬಣ್ಣ

ಬರಿಯ ಬಾಚಣಿಗೆ ಇಬ್ಬನಿಯನ್ನು ತಡವಾಗಿ ಹಿಡಿಯಿತು. ಬೆಳಗಿನ ಜಾವ ಟಾರ್ಚ್ ಹಿಡಿದು ನೋಡಿದರೆ ಕಾರಣ ಕಂಡಿತು. ವಿನೈಲ್ ಮೇಲೆ ಇಬ್ಬನಿ ಸಾಸಿವೆಗಿಂತ ಸಣ್ಣ ಹನಿಗಳಾಗಿ ಕೂತಿತ್ತು, ಒಂದು ಹನಿಯೂ 1 ಮಿಮೀ ಸಂದು ದಾಟಿರಲಿಲ್ಲ. ಎಲೆ ಒದ್ದೆ, ಸೆನ್ಸರ್ ಒದ್ದೆ, ಮೀಟರ್ ಮಾತ್ರ ಒಣ.

ಇದಕ್ಕೆ ಮದ್ದು ಹಳೆಯದು. ಕೆನಡಾದ ಸಂಶೋಧಕರಾದ ಗಿಲೆಸ್ಪಿ ಮತ್ತು ಕಿಡ್ 1978ರಲ್ಲೇ ಇಂಥ ಬಾಚಣಿಗೆಗಳ ಮೇಲೆ ಲೇಟೆಕ್ಸ್ ಬಣ್ಣ ಹಚ್ಚಿ ಪರೀಕ್ಷಿಸಿದ್ದರು. ಬಣ್ಣದ ಪದರ ಹನಿಯನ್ನು ಹೀರಿ ಹರಡುತ್ತದೆ. ಗೋಡೆಗೆ ಹಚ್ಚಿ ಉಳಿದಿದ್ದ ಬಿಳಿ ಎಮಲ್ಷನ್ ಬಣ್ಣಕ್ಕೆ ಚೂರು ಕಪ್ಪು ಸ್ಟೇನರ್ (ಬೆರೆಸುವ ಗಾಢ ಬಣ್ಣ) ಹಾಕಿ, ತೆಳ್ಳಗೆ ಎರಡು ಸಲ ಹಚ್ಚಿದೆ. ಅಂಚಿನ ಮೇಲೂ ಬರಬೇಕು, ಇಲ್ಲದಿದ್ದರೆ ಸ್ಟಿಕರ್ ಅಲ್ಲಿಂದ ಏಳುತ್ತದೆ.

ಹೊಸ ಬಣ್ಣದ ಓದಿಕೆಯನ್ನು ನಂಬಬೇಡಿ. ಮೊದಲ ಕೆಲವು ಸಲ ಒದ್ದೆಯಾದಾಗ ಸುಮ್ನೆ ತುಂಬಾ ಕರೆಂಟ್ ಹರಿಯುತ್ತದೆ, ಬಣ್ಣದಲ್ಲಿರುವ ಏನೇನೋ ನೀರಿಗೆ ಬಿಡುತ್ತವೆ. ವಾರ ಒಣಗಿಸಿ, ಕುಡಿಯುವ ನೀರಿನಲ್ಲಿ ತೊಳೆದು ಮತ್ತೆ ಒಣಗಿಸುವುದನ್ನು ಕೆಲವು ಸಲ ಮಾಡಿದ ಮೇಲೆ ಸ್ಥಿರವಾಯಿತು.

ಹಂತ 7: ಸರ್ಕ್ಯೂಟ್

ಚಿಕ್ಕದಾಗಿ ಹೇಳುತ್ತೇನೆ. ಆರ್ಡುಯಿನೋ ನ್ಯಾನೋ, ಅಂದರೆ ಪ್ರೋಗ್ರಾಂ ಬರೆದು ನಡೆಸುವ ಚಿಕ್ಕ ಬೋರ್ಡ್. ಡಿ7, ಡಿ8, ಎ0 ಅದರ ಪಿನ್‌ಗಳು. ಡಿ7ರಿಂದ 100 ಕಿಲೋಓಮ್ ರೆಸಿಸ್ಟರ್, ಅದರ ಇನ್ನೊಂದು ತುದಿ ಎ0ಗೆ ಮತ್ತು ಒಂದು ಬಾಚಣಿಗೆಗೆ. ಇನ್ನೊಂದು ಬಾಚಣಿಗೆ ಡಿ8ಕ್ಕೆ. ಡಿ7ರ ವೋಲ್ಟೇಜ್ ಮೇಲೆ, ಡಿ8ರದು ಕೆಳಗೆ ಮಾಡಿ 10 ಮಿಲಿಸೆಕೆಂಡ್ ಕಾದು ಎ0 ಓದುವುದು. ಆಮೇಲೆ ಅದಲು ಬದಲು ಮಾಡಿ ಅಷ್ಟೇ ಹೊತ್ತು ಬಿಡುವುದು. ಆಮೇಲೆ ಎರಡೂ ಕೆಳಗೆ. ಒಂದೇ ದಿಕ್ಕಿನಲ್ಲಿ ಕರೆಂಟ್ ಬಿಟ್ಟರೆ ನೀರು ವಿಭಜನೆಯಾಗಿ ಗೆರೆಗಳ ಅಂಚು ಹಾಳಾಗುತ್ತದೆ. ಎ0ಗೂ ಗ್ರೌಂಡ್‌ಗೂ ನಡುವೆ 10 ನ್ಯಾನೋಫ್ಯಾರಡ್ ಕೆಪ್ಯಾಸಿಟರ್ ಹಾಕಿದ ಮೇಲೆ ಅಂಕಿಯ ನಡುಕ ನಿಂತಿತು.

ಎ0 ಕೊಡುವ ಅಂಕಿ 0ರಿಂದ 1023ರ ಒಳಗೆ ಇರುತ್ತದೆ: ಪೂರ್ತಿ ಒಣ ಇದ್ದಾಗ 1010ರ ಆಸುಪಾಸು, ಇಬ್ಬನಿಯಲ್ಲಿ 620ರಿಂದ 810, ಮಳೆ ಬಂದಾಗ 250ಕ್ಕಿಂತ ಕೆಳಗೆ. ಹತ್ತು ನಿಮಿಷಕ್ಕೊಮ್ಮೆ ಓದಿ, ಡಿಎಸ್3231 ಗಡಿಯಾರದ ಸಮಯದ ಜೊತೆ ಎಸ್‌ಡಿ ಕಾರ್ಡಿಗೆ ಬರೆಯುತ್ತದೆ. ನ್ಯಾನೋದ ಕೆಂಪು ಪವರ್ ಎಲ್ಇಡಿಯನ್ನು ಕಿತ್ತುಹಾಕಿ, ಬ್ಯಾಟರಿ ಸುಮ್ಮನೆ ತಿನ್ನುತ್ತದೆ. ಮುಂದಿನದಕ್ಕೆ ಆರ್ಡುಯಿನೋದ್ದೇ ಪ್ರೋ ಮಿನಿ ಬೋರ್ಡ್ ಹಾಕುವೆ.

ಹಂತ 8: ತೋಟದಲ್ಲಿ

ಎಲೆಗಳ ನಡುವೆ, ಗೊನೆ ಬರುವ ಎತ್ತರದಲ್ಲಿ, ಉತ್ತರಕ್ಕೆ ಮುಖ ಮಾಡಿ 45 ಡಿಗ್ರಿ ಓರೆಯಾಗಿ ತಂತಿಗೆ ಕಟ್ಟಿದೆ. ಮಲಗಿಸಿ ಕಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ, ಎಲೆಗಿಂತ ತಡವಾಗಿ ಆರುತ್ತದೆ.

ಮೊದಲ ಗದ್ದಲ ಔಷಧಿ ಸಿಂಪಡಣೆಯಿಂದ. ಮೈಲುತುತ್ತ-ಸುಣ್ಣದ ದ್ರಾವಣ ಹೊಡೆದ ಮರುದಿನ ನಾಲ್ಕೂ ಸೆನ್ಸರ್‌ಗಳ ಒಣ ಓದಿಕೆ 1010ರಿಂದ 850ಕ್ಕೆ ಬಂದಿತ್ತು. ಮೇಲೆ ತೆಳು ನೀಲಿ ಪುಡಿ ಕೂತಿತ್ತು. ಗಾಳಿಯಲ್ಲಿ ಸ್ವಲ್ಪ ತೇವ ಇದ್ದರೂ ಆ ಪುಡಿಯ ಮೂಲಕ ಕರೆಂಟ್ ಹರಿಯುತ್ತದೆ. ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿದ ಮೇಲೆ ಮೂರು ಮೊದಲಿನ ಸ್ಥಿತಿಗೆ ಬಂದವು. ಒಂದರಲ್ಲಿ ಬಣ್ಣ ದಪ್ಪ ಇತ್ತು, ಅದರೊಳಗೆ ಇಳಿದದ್ದು ಎಷ್ಟು ತೊಳೆದರೂ ಬರಲಿಲ್ಲ. ಬಿಸಾಡಿ ಹೊಸದು ಹಾಕಿದೆ.

ಪ್ಲಾಸ್ಟಿಕ್ ಚೀಲ ಮುಚ್ಚುವುದು ಅಂತ ಮೊದಲು ಅಂದುಕೊಂಡಿದ್ದೆ. ಆಳುಗಳು ಸಿಂಪಡಿಸುವ ಅವಸರದಲ್ಲಿ ಮರೆಯುತ್ತಾರೆ, ಅಥವಾ ಮುಚ್ಚಿದ್ದನ್ನು ತೆಗೆಯುವುದನ್ನು ಮರೆಯುತ್ತಾರೆ. ಟಿಚ್ ಬಟನ್ ಇಲ್ಲಿ ಇನ್ನೊಂದು ಉಪಕಾರ ಮಾಡಿತು. ಸಿಂಪಡಿಸುವ ಮುಂಚೆ ಕಾಕಾ ತಾವೇ ನಾಲ್ಕನ್ನೂ ಕಿತ್ತು ಅಂಗಿ ಕಿಸೆಗೆ ಹಾಕಿಕೊಳ್ಳುತ್ತಾರೆ, ಮುಗಿದ ಮೇಲೆ ಹಾಕುತ್ತಾರೆ. ತಂತಿ ತುದಿಯ ಗುಂಡಿಯ ಒಂದು ಕಡೆ ಗಂಡು, ಇನ್ನೊಂದು ಕಡೆ ಹೆಣ್ಣು ಇಟ್ಟಿದ್ದರಿಂದ ತಿರುವುಮುರುವು ಆಗುವುದಿಲ್ಲ. ಆದರೂ ಕರೆಂಟ್ ಎರಡೂ ದಿಕ್ಕಿಗೆ ಹರಿಯುವುದರಿಂದ ಹೇಗೆ ಹಾಕಿದರೂ ನಡೆಯುತ್ತಿತ್ತು ಬಿಡಿ. ಸೆನ್ಸರ್ ಇಲ್ಲದಾಗ ಅಂಕಿ ಪೂರಾ 1023ಕ್ಕೆ ಹೋಗುತ್ತದೆ, ಹಾಗಾಗಿ ಯಾವಾಗ ತೆಗೆದಿದ್ದರು ಅನ್ನುವುದೂ ಫೈಲಿನಲ್ಲಿ ಸಿಗುತ್ತದೆ.

ತಗ್ಗಿನ ಸಾಲಿನ ಸೆನ್ಸರ್ ರಾತ್ರಿ ಒಂದೂವರೆಯಿಂದಲೇ ಒದ್ದೆ ಅಂತ ತೋರಿಸುತ್ತದೆ, ರಸ್ತೆ ಕಡೆಯದು ನಾಲ್ಕರ ನಂತರ. ಫೈಲ್ ತೋರಿಸಿದಾಗ ಕಾಕಾ ತಗ್ಗಿನ ಸಾಲುಗಳ ಬುಡದ ಎಲೆ ಕಡಿಸಿ ಗಾಳಿ ಆಡುವ ಹಾಗೆ ಮಾಡಿಸಿದರು. ಸಿಂಪಡಣೆ ಮಾತ್ರ ಮೊದಲಿನ ಹಾಗೇ ನಡೆದಿದೆ. ಒಂದು ಹಂಗಾಮಿನ ಅಂಕಿ ನೋಡಿ ಔಷಧಿ ಕಡಿಮೆ ಮಾಡಿ ಅಂತ ಹೇಳುವ ಧೈರ್ಯ ನನಗೂ ಇಲ್ಲ.

ಖರ್ಚು

ಸ್ಕ್ರೀನ್ 400, ಗ್ರಾಫೈಟ್ 220, ಕಾರ್ಬನ್ ಬ್ಲಾಕ್ 450, ಕ್ಲಿಯರ್ ಇಂಕ್ 180, ರಿಟಾರ್ಡರ್ 60, ಟ್ರೇಸಿಂಗ್ ಪ್ರಿಂಟ್ 30, ವಿನೈಲ್ ಐದು ಹಾಳೆ 125, ಟಿಚ್ ಬಟನ್ 60. ಒಟ್ಟು 1525 ರೂಪಾಯಿ. ಸರಿ ಬಂದ 22ರಿಂದ ಭಾಗಿಸಿದರೆ ಒಂದಕ್ಕೆ 70 ರೂಪಾಯಿಗೆ ಸ್ವಲ್ಪ ಕಡಿಮೆ. ಕೆಟ್ಟುಹೋದ ಅರಗು, ಟೇಪ್, ಸಿಲಿಕಾನ್ ಇದರಲ್ಲಿ ಸೇರಿಲ್ಲ. ಸ್ಕ್ರೀನ್ ಮತ್ತು ಪುಡಿ ಇನ್ನೂ ಉಳಿದಿವೆ, ಹಾಗಾಗಿ ಮುಂದಿನ ಬ್ಯಾಚ್‌ಗೆ ಹಾಳೆ, ಗುಂಡಿ ಬಿಟ್ಟರೆ ದೊಡ್ಡ ಖರ್ಚಿಲ್ಲ. ಓದುವ ಪೆಟ್ಟಿಗೆ ಬೇರೆ: ನ್ಯಾನೋ, ಗಡಿಯಾರ, ಕಾರ್ಡ್, ಬ್ಯಾಟರಿ, ಡಬ್ಬಿ ಸೇರಿ 900 ಹತ್ತಿರ.

ಇನ್ನೂ ಬಗೆಹರಿಯದ್ದು

ಇಬ್ಬನಿ ಬೀಳದೆ ಬರೀ ಗಾಳಿ ತೇವ ಇರುವ ರಾತ್ರಿಗಳಲ್ಲಿ ಅಂಕಿ 880ರಿಂದ 920ರ ನಡುವೆ ತೂಗಾಡುತ್ತದೆ. ಅದು ಒದ್ದೆಯೋ ಒಣವೋ? ಎಲೆ ಮುಟ್ಟಿ ನೋಡಿದರೆ ಕೆಲವು ದಿನ ತಂಪು ಅಷ್ಟೇ, ಕೆಲವು ದಿನ ಬೆರಳಿಗೆ ನೀರು. ಬಣ್ಣದ ದಪ್ಪ ಒಂದೊಂದಕ್ಕೂ ಬೇರೆ ಇರುವುದರಿಂದ ಒದ್ದೆ-ಒಣದ ನಡುವೆ ಎಲ್ಲಕ್ಕೂ ಒಂದೇ ಗೆರೆ ಎಳೆಯಲು ಆಗುತ್ತಿಲ್ಲ. ಸದ್ಯಕ್ಕೆ ಪ್ರತಿ ಸೆನ್ಸರ್‌ನ ಮಧ್ಯಾಹ್ನದ ಒಣ ಅಂಕಿಯಿಂದ 150 ಕಳೆದು, ಅದಕ್ಕಿಂತ ಕೆಳಗೆ ಹೋದರೆ ಒದ್ದೆ ಅಂತ ಹಿಡಿದಿದ್ದೇನೆ. ಮುಂದಿನ ಬ್ಯಾಚ್‌ನಲ್ಲಿ ಬಣ್ಣವನ್ನೂ ಕುಂಚದಿಂದ ಹಚ್ಚದೆ ಅದೇ 43ರ ಬಟ್ಟೆಯ ಖಾಲಿ ಸ್ಕ್ರೀನಿನಲ್ಲಿ ಛಾಪಿಸಿ ನೋಡಬೇಕು. ದಪ್ಪ ಒಂದೇ ಸಮ ಬಂದರೆ ಗೆರೆಯೂ ಒಂದೇ ಆದೀತು. ಫ್ರೇಮ್‌ಗೆ ಛಾಪಖಾನೆಯಲ್ಲಿ ಹೇಳಿ ಬಂದಿದ್ದೇನೆ. ಈಗ ಅವರಿಗೆ ಲಗ್ನಪತ್ರಿಕೆ ಸೀಸನ್, ಮುಗಿಯಲಿ ಅಂದಿದ್ದಾರೆ.